ಸ್ಕ್ರೀನ್ ರೀಡರ್ ಹಾಕಿಕೊಂಡು ವರ್ಡ್‌ನಲ್ಲಿ ಕನ್ನಡ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಇಬ್ಬರು ಮಂಡ್ಯದಿಂದ ರೈಲಿನಲ್ಲಿ ಬರುವವರು. ನನ್ನ ಹಾಗೇ ಅವರಿಗೂ ಕಣ್ಣು ಕಾಣುವುದಿಲ್ಲ, ಇಲ್ಲವೇ ತೀರಾ ಮಂಜು. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಫೋನಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಸ್ಕ್ರೀನ್ ರೀಡರ್ ಅಂದರೆ ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶ. ಇಲ್ಲಿರುವ ಕೀಗಳೆಲ್ಲ ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುವವರಿಗೆ. "ಎನ್‌ವಿಡಿಎ ಕೀ" ಅಂದರೆ ಇನ್ಸರ್ಟ್. ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಎಲ್ಲೋ ಮೂಲೆಯಲ್ಲಿ ಇರುತ್ತದೆ, ಹಾಗಾಗಿ ಕ್ಯಾಪ್ಸ್ ಲಾಕನ್ನೇ ಆ ಕೆಲಸಕ್ಕೆ ಇಟ್ಟುಕೊಳ್ಳಬಹುದು. ನಾನು ಅದನ್ನೇ ಇಟ್ಟುಕೊಂಡಿದ್ದೇನೆ.

ಯಾವ ಸ್ಕ್ರೀನ್ ರೀಡರ್ ಹಾಕಿಕೊಳ್ಳಲಿ?

ಎನ್‌ವಿಡಿಎ. ಪುಕ್ಕಟೆ ಸಿಗುತ್ತದೆ, ಕನ್ನಡ ಓದುತ್ತದೆ, ಪೆನ್‌ಡ್ರೈವಿಗೆ ಹಾಕಿಕೊಂಡು ಯಾರದ್ದೇ ಕಂಪ್ಯೂಟರಿನಲ್ಲಿ ಓಡಿಸಬಹುದು. ಇದನ್ನು 2006ರಲ್ಲಿ ಶುರು ಮಾಡಿದವನು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಅವನಿಗೂ ಕಣ್ಣು ಕಾಣದು. ಆಮೇಲೆ ಜೊತೆಗೆ ಬಂದ ಜೇಮ್ಸ್ ತೇ ಕೂಡ ಹಾಗೇ. ನಮ್ಮ ಕಷ್ಟ ಗೊತ್ತಿದ್ದವರೇ ಮಾಡಿದ್ದು ಅನ್ನುವುದು ಬಳಸುವಾಗ ತಿಳಿಯುತ್ತದೆ.

ಜಾಸ್ ಇನ್ನೂ ಹಳೆಯದು, ಗಟ್ಟಿ. ಆದರೆ ಜಾಸ್‌ಗೆ ದುಡ್ಡು ಜಾಸ್ತಿ. ಲೈಸೆನ್ಸ್ ಇಲ್ಲದೆ ಹಾಕಿಕೊಂಡರೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು. ಕಚೇರಿಯವರೇ ಕೊಡಿಸಿದರೆ ಧಾರಾಳವಾಗಿ ಬಳಸಿ. ವಿಂಡೋಸಿನ ಜೊತೆಗೇ ಬರುವ ನರೇಟರ್ ಕೂಡ ಇದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ಮಾತಾಡಲು ಶುರು ಮಾಡುತ್ತದೆ. ಹೊಸ ಕಂಪ್ಯೂಟರಿಗೆ ಎನ್‌ವಿಡಿಎ ಇಳಿಸಿಕೊಳ್ಳುವವರೆಗೆ ಕೈಹಿಡಿಯಲು ಅದು ಸಾಕು.

ವರ್ಡ್, ಲಿಬ್ರೆ ಆಫೀಸ್, ಗೂಗಲ್ ಡಾಕ್ಸ್. ಯಾವುದು ಒಳ್ಳೆಯದು?

ಇದ್ದರೆ ವರ್ಡ್. ಎನ್‌ವಿಡಿಎಗೂ ಅದಕ್ಕೂ ಚೆನ್ನಾಗಿ ಹೊಂದಿಕೆ ಇದೆ. ದುಡ್ಡು ಹಾಕುವುದು ಬೇಡ ಅನ್ನುವವರು ಲಿಬ್ರೆ ಆಫೀಸಿನ ರೈಟರ್ ಹಾಕಿಕೊಳ್ಳಿ. ಅರ್ಜಿ, ಪತ್ರ, ಪ್ರಬಂಧ ಎಲ್ಲಕ್ಕೂ ಸಾಕಾಗುತ್ತದೆ. ಕೀಗಳು ಕೊಂಚ ಬೇರೆ: ವರ್ಡ್‌ನಲ್ಲಿ ಮೊದಲ ಹಂತದ ಹೆಡಿಂಗಿಗೆ ಕಂಟ್ರೋಲ್, ಆಲ್ಟ್, 1 ಒತ್ತಿದರೆ ರೈಟರ್‌ನಲ್ಲಿ ಕಂಟ್ರೋಲ್, 1 ಅಷ್ಟೇ.

ಗೂಗಲ್ ಡಾಕ್ಸ್ ನಾಲ್ಕು ಜನ ಸೇರಿ ಬರೆಯುವುದಕ್ಕೆ ಚೆನ್ನ. ಮೊದಲು ಕಂಟ್ರೋಲ್, ಆಲ್ಟ್, ಜೆಡ್ ಒತ್ತಿ ಸ್ಕ್ರೀನ್ ರೀಡರ್ ಸಪೋರ್ಟ್ ಆನ್ ಮಾಡಿಕೊಳ್ಳಬೇಕು. ಮಾಡದಿದ್ದರೆ ಪುಟ ಪೂರ್ತಿ ಮೌನ. ಅಲ್ಲೊಂದು ತಮಾಷೆಯೂ ಇದೆ. ಮುಂದಿನ ಹೆಡಿಂಗಿಗೆ ಹೋಗಲು ಡಾಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್ ಹಿಡಿದು ಎನ್, ಆಮೇಲೆ ಎಚ್ ಒತ್ತಬೇಕು. ಎನ್‌ವಿಡಿಎ ಶುರು ಮಾಡುವುದಕ್ಕೂ ಕಂಟ್ರೋಲ್, ಆಲ್ಟ್, ಎನ್! ಹೆಡಿಂಗ್ ಹುಡುಕಲು ಹೋದರೆ ಎನ್‌ವಿಡಿಎ ಪಾಪ ಬಾಗಿಲು ಮುಚ್ಚಿ ಮತ್ತೆ ಎದ್ದು ಬರುತ್ತದೆ. ಡಾಕ್ಸ್ ಜಾಸ್ತಿ ಬಳಸುವವರು ಡೆಸ್ಕ್‌ಟಾಪಿನಲ್ಲಿರುವ ಎನ್‌ವಿಡಿಎ ಐಕಾನಿನ ಪ್ರಾಪರ್ಟೀಸ್‌ಗೆ ಹೋಗಿ ಆ ಶಾರ್ಟ್‌ಕಟ್ ಬದಲಿಸಿಕೊಳ್ಳಿ.

ಮೌಸ್ ಬೇಡವೇ ಬೇಡವಾ?

ಬೇಡ. ನನ್ನದು ಎಲ್ಲಿದೆ ಅಂತ ನನಗೇ ನೆನಪಿಲ್ಲ.

ಕನ್ನಡವನ್ನು ನಿಜವಾಗಿ ಓದುತ್ತದಾ? ಧ್ವನಿ ಯಾಕೆ ಹಾಗಿದೆ?

ಓದುತ್ತದೆ. ಎನ್‌ವಿಡಿಎ ಜೊತೆ ಈಸ್ಪೀಕ್ ಅನ್ನುವ ಧ್ವನಿ ಬರುತ್ತದೆ, ಅದರಲ್ಲಿ ಕನ್ನಡ ಇದೆ. ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿ ಮಾತಿನ ಸೆಟ್ಟಿಂಗ್ಸ್ ತೆರೆದು ಅಲ್ಲಿ ಕನ್ನಡ ಆರಿಸಿಕೊಳ್ಳಿ. ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನು ಇಂಗ್ಲಿಷಿನಲ್ಲೇ ಹೇಳುತ್ತದೆ, ನೀವೇನೂ ಬದಲಿಸುವುದು ಬೇಡ.

ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಇರುತ್ತದೆ, ನಿಜ. ಮನುಷ್ಯರ ಮಾತನ್ನು ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ ಅದು, ಸದ್ದನ್ನು ಲೆಕ್ಕ ಹಾಕಿ ಹುಟ್ಟಿಸುವಂಥದ್ದು. ಅದರಿಂದಲೇ ಒಂದು ಲಾಭ. ವೇಗ ಎಷ್ಟು ಏರಿಸಿದರೂ ಒಡೆಯುವುದಿಲ್ಲ, ಕೀ ಒತ್ತಿದ ತಕ್ಷಣ ಉತ್ತರ ಬರುತ್ತದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಜೊತೆ ಬರುವ ಗೂಗಲ್ ಕನ್ನಡ ಧ್ವನಿ ಇಂಪಾಗಿದೆ, ಕಥೆ ಕೇಳುವುದಕ್ಕೆ ನನಗೆ ಅದೇ ಇಷ್ಟ. ಬರೆಯುವುದಕ್ಕೆ ಮಾತ್ರ ಈ ಡಬ್ಬದ ಧ್ವನಿಯೇ ವಾಸಿ. ಎರಡು ವಾರ ತಡೆದುಕೊಳ್ಳಿ, ಕಿವಿ ಒಗ್ಗುತ್ತದೆ.

ಡಿಟಿಪಿ ಅಂಗಡಿಯಿಂದ ತಂದ ಕನ್ನಡ ಫೈಲನ್ನು ಯಾಕೆ ಓದುವುದಿಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. ಇದೊಂದು ಅರ್ಥವಾದರೆ ಅರ್ಧ ತಲೆನೋವು ಹೋದ ಹಾಗೆ.

ಆ ಫೈಲಿನಲ್ಲಿ ಕನ್ನಡವೇ ಇಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಪರದೆ ನೋಡುವವರಿಗೆ "ಕನ್ನಡ" ಅಂತ ಕಾಣುತ್ತದೆ. ಕೆಳಗೆ ಫೈಲಿನಲ್ಲಿ ಇರುವುದು ಬೇರೆಯೇ. ನುಡಿಯ ಹಳೆ ಫಾಂಟಿನಲ್ಲಿರುವ "ಕನ್ನಡ" ಅನ್ನುವ ಪದವನ್ನು ಒಂದೊಂದೇ ಅಕ್ಷರವಾಗಿ ಬಾಣದ ಕೀಯಲ್ಲಿ ದಾಟಿ ನೋಡಿ. ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ಇದೇ ಅದರೊಳಗಿನ ಕನ್ನಡ. ಮೊದಲ ಎರಡು ಸೇರಿ ಕ, ಮುಂದಿನ ಎರಡು ನ, ಶಾರ್ಪ್ ಎಸ್ ಅನ್ನುವುದು ನಕಾರದ ಒತ್ತು, ಕೊನೆಯ ಎರಡು ಡ. ಸ್ಕ್ರೀನ್ ರೀಡರಿಗೆ ಫಾಂಟಿನ ಆಕಾರ ಕಾಣುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ಓದುತ್ತದೆ. ತಪ್ಪು ಅದರದ್ದಲ್ಲ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕ ಅಂದರೆ ಕ. ಯಾವ ಫಾಂಟ್ ಹಾಕಿದರೂ, ಫಾಂಟೇ ಇಲ್ಲದಿದ್ದರೂ ಅದು ಕ ಆಗಿಯೇ ಇರುತ್ತದೆ.

ಪರಿಹಾರ ಇದೆ. ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಸಾಧನ ಇದೆ. ಬದಲಿಸುವ ಮುಂಚೆ ಒಂದು ಎಚ್ಚರ. ಫೈಲಿನ ನಡುವೆ ನಿಜವಾದ ಇಂಗ್ಲಿಷ್ ಪದಗಳು ಇದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಇಮೇಲ್ ವಿಳಾಸ, ಇಂಗ್ಲಿಷ್ ಹೆಸರು ಇರುವ ಸಾಲುಗಳನ್ನು ಆಮೇಲೆ ಕೈಯಲ್ಲಿ ಸರಿ ಮಾಡಬೇಕು. ಮೂಲ ಫೈಲನ್ನು ಅಳಿಸಬೇಡಿ, ಪಕ್ಕದಲ್ಲಿ ಇರಲಿ.

ಇನ್ನು ಮುಂದೆ ಅಂಗಡಿಗೆ ಹೋದಾಗ "ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡಿ" ಅಂತ ಮೊದಲೇ ಹೇಳಿ. ಅಗ್ರಹಾರದ ಕಡೆಯ ಒಂದು ಅಂಗಡಿಯಲ್ಲಿ ಹಾಗೆ ಕೇಳಿದ್ದಕ್ಕೆ "ಮೇಡಂ, ಪ್ರಿಂಟ್ ಎರಡೂ ಒಂದೇ ಥರ ಬರುತ್ತೆ" ಅಂದರು. ಪ್ರಿಂಟಿಗೆ ಒಂದೇ ಥರ, ನನಗೆ ಅಲ್ಲ. ಅಲ್ಲೇ ಇಯರ್‌ಫೋನನ್ನು ಅವರ ಕಿವಿಗೆ ಕೊಟ್ಟು ಒಂದು ಸಾಲು ಕೇಳಿಸಿದೆ. ಆಮೇಲೆ ನನ್ನ ಕೆಲಸಕ್ಕೆ ಅವರು ಕೇಳದೇನೇ ಯೂನಿಕೋಡ್ ಹಾಕುತ್ತಾರೆ.

ಕನ್ನಡ ಟೈಪ್ ಮಾಡಲು ಯಾವ ಕೀಬೋರ್ಡ್ ಕಲಿಯಲಿ?

ಎರಡು ದಾರಿ. ಒಂದು ಕೆ. ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿ ಇರುವುದು ಅದೇ. ಇಂಗ್ಲಿಷ್ ಕೀಬೋರ್ಡ್ ಗೊತ್ತಿದ್ದವರಿಗೆ ಬೇಗ ಬರುತ್ತದೆ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಎಫ್ ಒತ್ತಿದರೆ ಅಕ್ಷರದ ಸ್ವರ ಹೋಗಿ ಮುಂದಿನದು ಒತ್ತಾಗುತ್ತದೆ. "ಕನ್ನಡ" ಬೇಕೆಂದರೆ ಕೆ, ಎನ್, ಎಫ್, ಎನ್, ಕ್ಯೂ. ನುಡಿ ಬಳಸುವಾಗ ಯೂನಿಕೋಡ್ ಆಯ್ಕೆಯಲ್ಲಿದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಮೇಲಿನ ಪ್ರಶ್ನೆಗೇ ವಾಪಸ್ ಬರುತ್ತೀರಿ.

ಇನ್ನೊಂದು ಇನ್‌ಸ್ಕ್ರಿಪ್ಟ್. ವಿಂಡೋಸಿನಲ್ಲೇ ಇದೆ, ಬೇರೇನೂ ಹಾಕುವುದು ಬೇಡ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಿಂದಿಗೂ ತೆಲುಗಿಗೂ ಅದೇ ಜೋಡಣೆ. ಕಲಿಯಲು ನಿಧಾನ, ಕಲಿತ ಮೇಲೆ ಎರಡು ಕೈಗೂ ಸಮ ಕೆಲಸ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಗೆರೆ ಇರುತ್ತದಲ್ಲ, ತೋರುಬೆರಳನ್ನು ಅಲ್ಲಿ ಇಟ್ಟರೆ ಉಳಿದದ್ದನ್ನು ಬೆರಳೇ ಹುಡುಕಿಕೊಳ್ಳುತ್ತದೆ.

ವಿಂಡೋಸಿನಲ್ಲಿ ಕನ್ನಡ ಫೋನೆಟಿಕ್ ಅಂತಲೂ ಒಂದಿದೆ. ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ಪದಗಳ ಪಟ್ಟಿ ತೋರಿಸುತ್ತದೆ. ಕಣ್ಣಿರುವವರಿಗೆ ಸುಲಭ. ನಮಗೆ ಪ್ರತಿ ಪದಕ್ಕೂ ಪಟ್ಟಿ ಕೇಳಿ ಆರಿಸುವಷ್ಟರಲ್ಲಿ ಬರೆಯಬೇಕೆಂದಿದ್ದ ವಾಕ್ಯವೇ ಮರೆತುಹೋಗುತ್ತದೆ. ನಾನು ಯಾರಿಗೂ ಅದನ್ನು ಹೇಳಿಕೊಡುವುದಿಲ್ಲ.

ಭಾಷೆ ಬದಲಿಸಲು ವಿಂಡೋಸ್ ಕೀ, ಸ್ಪೇಸ್.

ಒತ್ತಕ್ಷರ ಅಳಿಸುವಾಗ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ.

"ಸ್ತ್ರೀ" ತೆಗೆದುಕೊಳ್ಳಿ. ಕಿವಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು: ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ದೀರ್ಘ ಈ. ವರ್ಡ್‌ನಲ್ಲಿ ಬಾಣದ ಕೀ ಒತ್ತಿದರೆ ಇಡೀ ಸ್ತ್ರೀಯನ್ನು ಒಂದೇ ಹೆಜ್ಜೆಗೆ ದಾಟುತ್ತದೆ. ಮುಂದಿನಿಂದ ಡಿಲೀಟ್ ಒತ್ತಿದರೂ ಸಾಮಾನ್ಯವಾಗಿ ಇಡೀದು ಹೋಗುತ್ತದೆ. ಹಿಂದಿನಿಂದ ಬ್ಯಾಕ್‌ಸ್ಪೇಸ್ ಒತ್ತಿದರೆ ಮಾತ್ರ ಒಂದೊಂದೇ ತುಂಡು ಕಳಚುತ್ತದೆ. ಮೊದಲು ದೀರ್ಘ, ಆಮೇಲೆ ರ, ಹೀಗೆ. ಗುಣಿತ ಮಾತ್ರ ತಪ್ಪಾಗಿದ್ದರೆ ಬ್ಯಾಕ್‌ಸ್ಪೇಸ್ ಒಂದು ಸಲ ಸಾಕು. ಎಲ್ಲಿದ್ದೀರಿ ಅಂತ ಗೊಂದಲವಾದರೆ ಪದವನ್ನೇ ಅಳಿಸಿ ಹೊಸದಾಗಿ ಹೊಡೆಯಿರಿ. ಕಂಟ್ರೋಲ್, ಬ್ಯಾಕ್‌ಸ್ಪೇಸ್. ಹುಡುಕಾಡುವುದಕ್ಕಿಂತ ಅದೇ ಬೇಗ.

ಕೇಳಿದಾಗ ಎಲ್ಲ ಸರಿ ಇತ್ತು, ಓದಿದವರು ಕಾಗುಣಿತ ತಪ್ಪು ಅಂದರು. ಯಾಕೆ?

ಕಿವಿಗೆ ಸಿಗದ ತಪ್ಪುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಶ, ಷ ಎರಡೂ ಒಂದೇ ಥರ ಕೇಳಿಸುತ್ತವೆ. ವೇಗ ಜಾಸ್ತಿ ಇದ್ದರೆ ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸವೂ ಹಾರಿಹೋಗುತ್ತದೆ. ನಮ್ಮ ಭಾನುವಾರದ ಹುಡುಗನೊಬ್ಬ ಧನ ಸಹಾಯಕ್ಕೆ ಅರ್ಜಿ ಬರೆದ. ಮೂರು ಸಲ ಕೇಳಿಸಿಕೊಂಡ, ಎಲ್ಲ ಸರಿ ಅನ್ನಿಸಿತು. ಕಣ್ಣಿರುವ ಅವನ ತಂಗಿ ಓದಿ ಬಿದ್ದು ಬಿದ್ದು ನಕ್ಕಳು. ಅರ್ಜಿಯ ಉದ್ದಕ್ಕೂ "ದನ ಸಹಾಯ" ಅಂತಿತ್ತು. ಮನೆಯಲ್ಲಿ ಎರಡು ಎಮ್ಮೆ ಇದ್ದದ್ದರಿಂದ ಅಪ್ಪ ಮಾತ್ರ "ಇರ್ಲಿ ಬಿಡು, ಅದೂ ಬೇಕು" ಅಂದರಂತೆ.

ಅದಕ್ಕೆ ಎರಡು ಅಭ್ಯಾಸ ಮಾಡಿಕೊಳ್ಳಿ. ಅನುಮಾನ ಇರುವ ಪದದ ಮೇಲೆ ನಿಂತು ನಂಬರ್ ಪ್ಯಾಡಿನ 5 ಅನ್ನು ಎರಡು ಸಲ ಒತ್ತಿ, ಅಕ್ಷರ ಬಿಡಿಸಿ ಹೇಳುತ್ತದೆ. ಲ್ಯಾಪ್‌ಟಾಪ್ ಜೋಡಣೆಯಲ್ಲಿ ಎನ್‌ವಿಡಿಎ ಕೀ, ಕಂಟ್ರೋಲ್, ಚುಕ್ಕಿ. ಎರಡನೆಯದು, ಕೊನೆಯ ಸಲ ಕೇಳುವಾಗ ವೇಗವನ್ನು ಅರ್ಧಕ್ಕೆ ಇಳಿಸಿ.

ಸ್ಪೆಲ್ ಚೆಕ್ ಕೇಳಬೇಡಿ. ಕನ್ನಡದಲ್ಲಿ ಪದಕ್ಕೆ ಪದ ಅಂಟಿಕೊಂಡೇ ಹೋಗುತ್ತದಲ್ಲ, "ಮನೆಯವರೊಂದಿಗಾದರೂ" ಅನ್ನುವುದನ್ನು ಯಾವ ನಿಘಂಟಿನಲ್ಲಿ ಹುಡುಕಬೇಕು ಅದು? ಸರಿ ಇರುವ ಪದಕ್ಕೂ "ಸ್ಪೆಲ್ಲಿಂಗ್ ಎರರ್" ಅಂತ ಗೊಣಗುತ್ತದೆ. ಎನ್‌ವಿಡಿಎ ಕೀ, ಕಂಟ್ರೋಲ್, ಡಿ ಒತ್ತಿ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್‌ಗೆ ಹೋಗಿ ಆ ಗೊಣಗಾಟ ನಿಲ್ಲಿಸಬಹುದು. ಇಂಗ್ಲಿಷ್ ಬರೆಯುವಾಗ ಮಾತ್ರ ಅದು ಇರಲಿ.

ದಪ್ಪ ಅಕ್ಷರ, ಫಾಂಟು, ಸೈಜು ಇವೆಲ್ಲ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?

ಕರ್ಸರ್ ಇರುವ ಜಾಗದಲ್ಲಿ ಎನ್‌ವಿಡಿಎ ಕೀ, ಎಫ್ ಒತ್ತಿ. ಫಾಂಟಿನ ಹೆಸರು, ಸೈಜು, ಬಣ್ಣ, ಎಡಕ್ಕಿದೆಯಾ ನಡುವೆಯಾ, ಎಲ್ಲ ಹೇಳುತ್ತದೆ. ಎರಡು ಸಲ ಒತ್ತಿದರೆ ಬೇರೆ ಕಿಟಕಿಯಲ್ಲಿ ಬರುತ್ತದೆ, ನಿಧಾನಕ್ಕೆ ಸಾಲು ಸಾಲಾಗಿ ಕೇಳಬಹುದು.

ಇದು ಎಷ್ಟು ಮುಖ್ಯ ಅಂತ ನಾನು ಕಲಿತದ್ದು ಅವಮಾನ ಪಟ್ಟು. ಒಂದು ಕಚೇರಿಗೆ ಕೆಲಸದ ಅರ್ಜಿ ಕಳಿಸಿದ್ದೆ. ಕೊನೆಯ ಪ್ಯಾರಾವನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ್ದೆ. ಪದಗಳೆಲ್ಲ ಸರಿ ಇದ್ದವು, ಎರಡು ಸಲ ಕೇಳಿದ್ದೆ. ಮೂರು ದಿನ ಬಿಟ್ಟು ಅಲ್ಲಿಂದ ಫೋನು: "ಏನ್ ಮೇಡಂ, ಕೊನೇ ಪ್ಯಾರಾ ಗೋಡೆ ಬರಹದ ಥರ ಇದೆ?" ಆ ಪ್ಯಾರಾ ಬರುವಾಗ ತನ್ನ ಸೈಜನ್ನೂ ಬಣ್ಣವನ್ನೂ ಹೊತ್ತುಕೊಂಡೇ ಬಂದಿತ್ತು. ಮೇಲೆಲ್ಲ 12 ಪಾಯಿಂಟಿನ ಕಪ್ಪು ಅಕ್ಷರ, ಕೆಳಗೆ 26 ಪಾಯಿಂಟಿನ ನೀಲಿ. ಕೆಲಸ ಸಿಗಲಿಲ್ಲ. ಕಾರಣ ಅದೇ ಅಂತ ಹೇಳಲಾರೆ, ಆದರೂ.

ಈಗ ನಾನು ಅಂಟಿಸುವಾಗ ಕಂಟ್ರೋಲ್, ಆಲ್ಟ್, ವಿ ಒತ್ತಿ ಪೇಸ್ಟ್ ಸ್ಪೆಷಲ್‌ನಲ್ಲಿ ಬರೀ ಟೆಕ್ಸ್ಟ್ ಆರಿಸುತ್ತೇನೆ. ಹೊಸ ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಸಾಕು. ಆಗಲೇ ಅಂಟಿಸಿ ಆಗಿದ್ದರೆ ಆ ಭಾಗ ಆಯ್ಕೆ ಮಾಡಿ ಕಂಟ್ರೋಲ್, ಸ್ಪೇಸ್. ಹೊತ್ತು ತಂದ ಅಲಂಕಾರವೆಲ್ಲ ಉದುರುತ್ತದೆ. ಅರ್ಜಿ ಕಳಿಸುವ ಮುಂಚೆ ಪ್ರತಿ ಪ್ಯಾರಾದ ಮೇಲೂ ಎನ್‌ವಿಡಿಎ ಕೀ, ಎಫ್ ಒತ್ತುತ್ತೇನೆ, ಒಂದನ್ನೂ ಬಿಡದೆ.

ಹೆಡಿಂಗ್ ಅಂದರೆ ದಪ್ಪ ಮಾಡುವುದು ತಾನೇ?

ಅಲ್ಲ. ಸಾಲನ್ನು ದಪ್ಪ ಮಾಡಿ ದೊಡ್ಡದು ಮಾಡಿದರೆ ಅದು ಕಾಣುವವರಿಗೆ ಹೆಡಿಂಗ್, ನಮಗೆ ಇನ್ನೊಂದು ಸಾಲು ಅಷ್ಟೇ. ಸ್ಟೈಲ್ ಹಾಕಿದರೆ ಮಾತ್ರ ಸ್ಕ್ರೀನ್ ರೀಡರಿಗೆ ಅದು ಹೆಡಿಂಗ್ ಅಂತ ತಿಳಿಯುತ್ತದೆ. ಸಾಲಿನ ಮೇಲೆ ನಿಂತು ಕಂಟ್ರೋಲ್, ಆಲ್ಟ್, 1. ಒಳ ಹೆಡಿಂಗಿಗೆ 2, ಅದರೊಳಗಿನದಕ್ಕೆ 3. ವಾಪಸ್ ಸಾಮಾನ್ಯ ಸಾಲಿಗೆ ಕಂಟ್ರೋಲ್, ಶಿಫ್ಟ್, ಎನ್.

ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುವ ಗೆಳತಿಯೊಬ್ಬಳು 180 ಪುಟದ ಪ್ರಬಂಧದಲ್ಲಿ ಮೂರನೇ ಅಧ್ಯಾಯ ಹುಡುಕಲು ಪೇಜ್ ಡೌನ್ ಒತ್ತುತ್ತಾ ಕೂತಿದ್ದಳು. ಒಂದು ಸಂಜೆ ಕೂತು ಎಲ್ಲ ಹೆಡಿಂಗಿಗೂ ಸ್ಟೈಲ್ ಹಾಕಿದೆವು. ಈಗ ಅವಳು ಎನ್‌ವಿಡಿಎ ಕೀ, ಎಫ್7 ಒತ್ತುತ್ತಾಳೆ. ಹೆಡಿಂಗುಗಳ ಪಟ್ಟಿ ಬರುತ್ತದೆ, ಬೇಕಾದ್ದರ ಮೇಲೆ ಎಂಟರ್. ಇನ್ನೊಂದು ರೀತಿಯೂ ಇದೆ. ಎನ್‌ವಿಡಿಎ ಕೀ, ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ ಹೋದರೆ ಬರೀ ಎಚ್ ಒತ್ತಿ ಹೆಡಿಂಗಿನಿಂದ ಹೆಡಿಂಗಿಗೆ ಹಾರಬಹುದು. ಟಿ ಒತ್ತಿದರೆ ಟೇಬಲ್, ಜಿ ಒತ್ತಿದರೆ ಚಿತ್ರ. ಬರೆಯಲು ಮತ್ತೆ ಎನ್‌ವಿಡಿಎ ಕೀ, ಸ್ಪೇಸ್. ಇದನ್ನು ಮರೆತು "ಎಚ್ ಟೈಪ್ ಆಗ್ತಾ ಇಲ್ಲ" ಅಂತ ಫೋನ್ ಮಾಡುವವರು ವಾರಕ್ಕೊಬ್ಬರು.

ಸ್ಟೈಲ್ ಹಾಕಿದ್ದರೆ ಪರಿವಿಡಿಯನ್ನು ವರ್ಡ್ ತಾನೇ ಮಾಡಿಕೊಡುತ್ತದೆ, ಪುಟದ ಸಂಖ್ಯೆ ಸಮೇತ. ಅವಳ ಜೊತೆಯ ಕಣ್ಣಿರುವ ಹುಡುಗರು ಪರಿವಿಡಿಯನ್ನು ಇನ್ನೂ ಕೈಯಲ್ಲೇ ಚುಕ್ಕಿ ಚುಕ್ಕಿ ಹಾಕಿ ಮಾಡುತ್ತಾರಂತೆ.

ಸಾಲು ನಡುವೆ ಬರಲಿ ಅಂತ ಸ್ಪೇಸ್ ಹೊಡೆಯುವುದು, ಹೊಸ ಪುಟಕ್ಕೆ ಹೋಗಲು ಎಂಟರ್ ಹೊಡೆಯುವುದು ಕೂಡ ಇದೇ ಜಾತಿಯ ತಪ್ಪು. ನಡುವೆ ತರಲು ಕಂಟ್ರೋಲ್, ಇ. ಹೊಸ ಪುಟಕ್ಕೆ ಕಂಟ್ರೋಲ್, ಎಂಟರ್. ಯಾರೋ ಕಳಿಸಿದ ಫೈಲಿನಲ್ಲಿ "ಖಾಲಿ, ಖಾಲಿ, ಖಾಲಿ" ಅಂತ ಹದಿನೇಳು ಸಲ ಕೇಳಿದ ಮೇಲೆ ಸಿಟ್ಟು ಬರದೆ ಇರುತ್ತಾ?

ಟೇಬಲಿನಲ್ಲಿ ಎಲ್ಲಿದ್ದೇನೆ ಅಂತ ದಾರಿ ತಪ್ಪುತ್ತದೆ.

ಟೇಬಲಿನೊಳಗೆ ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀ ಒತ್ತಿ. ಪಕ್ಕದ ಮನೆಗೆ, ಮೇಲೆ, ಕೆಳಗೆ ಹೋಗಬಹುದು. ಮಂಡ್ಯದ ನಮ್ಮ ಹುಡುಗನೊಬ್ಬ ಮನೆಯ ಕಬ್ಬಿನ ಲೆಕ್ಕ ಬರೆದಿಡುತ್ತಾನೆ: ತಾರೀಕು, ಗಾಡಿ ನಂಬರು, ಟನ್ನು, ಬಂದ ದುಡ್ಡು. ನಡುವೆ ಹೋಗಿ ನಿಂತರೆ ಬರೀ "18" ಅನ್ನುತ್ತಿತ್ತು. ಹದಿನೆಂಟು ಟನ್ನೋ, ಹದಿನೆಂಟನೇ ತಾರೀಕೋ? ಮೇಲಿನ ಸಾಲಿನ ಮೊದಲ ಮನೆಯಲ್ಲಿ ನಿಂತು ಎನ್‌ವಿಡಿಎ ಕೀ, ಶಿಫ್ಟ್, ಸಿ ಒತ್ತಿದ. ಅದು ತಲೆಸಾಲು ಅಂತ ಎನ್‌ವಿಡಿಎ ನೆನಪಿಟ್ಟುಕೊಂಡಿತು. ಈಗ ಕಾಲಂ ಬದಲಾದಾಗೆಲ್ಲ "ಟನ್ನು, 18" ಅನ್ನುತ್ತದೆ. ಕೊನೆಯ ಮನೆಯಲ್ಲಿ ಟ್ಯಾಬ್ ಒತ್ತಿದರೆ ಹೊಸ ಸಾಲು ತಾನೇ ಬರುತ್ತದೆ.

ಎರಡು ಮನೆ ಸೇರಿಸಿ ಒಂದು ಮಾಡುವುದನ್ನು, ಅಂದರೆ ಮರ್ಜ್ ಮಾಡುವುದನ್ನು, ಬಿಟ್ಟುಬಿಡಿ. ಕಾಲಂ ಲೆಕ್ಕ ತಪ್ಪುತ್ತದೆ.

ಗೈಡ್ ಕಾಮೆಂಟ್ ಹಾಕಿ ಕಳಿಸಿದ್ದಾರೆ. ಹೇಗೆ ಓದುವುದು?

ಕಾಮೆಂಟ್ ಇರುವ ಜಾಗಕ್ಕೆ ಬಂದಾಗ ಎನ್‌ವಿಡಿಎ ಹೇಳುತ್ತದೆ. ಆಗ ಎನ್‌ವಿಡಿಎ ಕೀ, ಆಲ್ಟ್, ಸಿ ಒತ್ತಿದರೆ ಅದನ್ನು ಓದುತ್ತದೆ. ನೀವು ಕಾಮೆಂಟ್ ಹಾಕಲು ಕಂಟ್ರೋಲ್, ಆಲ್ಟ್, ಎಂ. ಟ್ರ್ಯಾಕ್ ಚೇಂಜಸ್ ಹಾಕಿದ್ದರೆ ಸೇರಿಸಿದ್ದು, ಅಳಿಸಿದ್ದು ಎರಡನ್ನೂ ಹೇಳುತ್ತದೆ, ಸಾಲು ಕೇಳಲು ಗೋಜಲು ಅನ್ನಿಸುತ್ತದೆ. ನಾನು ಎರಡು ಸುತ್ತಿನಲ್ಲಿ ಕೇಳುತ್ತೇನೆ. ಮೊದಲು ಬದಲಾವಣೆಗಳ ಸಮೇತ. ಆಮೇಲೆ ಎಲ್ಲ ಒಪ್ಪಿಕೊಂಡ ಇನ್ನೊಂದು ಪ್ರತಿ ಮಾಡಿ ಬರೀ ಬರಹ. ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕಳಿಸುವ ಗೈಡ್ ಇದ್ದರೆ ಮಾತ್ರ ಯಾವ ಕೀಯೂ ಉಪಯೋಗವಿಲ್ಲ, ಹೋಗಿ ಕೇಳಿಕೊಳ್ಳಬೇಕು.

"ಕಂಪ್ಯೂಟ್ರು ಬಾಯೇ ಬುಡ್ತಾ ಇಲ್ಲ ಕಣಕ್ಕಾ!"

ಮಂಡ್ಯದಿಂದ ರಾತ್ರಿ ಹತ್ತಕ್ಕೆ ಬರುವ ಫೋನು ಇದೇ. ಹತ್ತಕ್ಕೆ ಎಂಟು ಸಲ ನಡೆದಿರುವುದು ಹೀಗೆ: ಸೇವ್ ಮಾಡಲು ಕಂಟ್ರೋಲ್, ಎಸ್ ಒತ್ತುವ ಬದಲು ಬೆರಳು ಜಾರಿ ಕ್ಯಾಪ್ಸ್ ಲಾಕ್, ಎಸ್ ಒತ್ತಿರುತ್ತಾರೆ. ಅದು ಎನ್‌ವಿಡಿಎ ಮಾತು ನಿಲ್ಲಿಸುವ ಕೀ. ಅದನ್ನೇ ಮತ್ತೆ ಎರಡು ಮೂರು ಸಲ ಒತ್ತಿ, ಬಾಯಿ ಬಿಡುತ್ತದೆ. ಆಗಲೂ ಸುಮ್ಮನಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಎನ್‌ವಿಡಿಎಯನ್ನೇ ಹೊಸದಾಗಿ ಶುರು ಮಾಡಿ. ಅದಕ್ಕೂ ಮುಂಚೆ ಇಯರ್‌ಫೋನ್ ಪಿನ್ನು ಸರಿಯಾಗಿ ಸಿಕ್ಕಿಸಿದ್ದೀರಾ ನೋಡಿ. ನಗಬೇಡಿ, ನನಗೂ ಆಗಿದೆ.

ಪಿಡಿಎಫ್ ಮಾಡಿ ಕಳಿಸಬಹುದಾ?

ಕಣ್ಣಿರುವವರಿಗೆ ಕಳಿಸಿ. ಸ್ಕ್ರೀನ್ ರೀಡರ್ ಬಳಸುವವರಿಗೆ ವರ್ಡ್ ಫೈಲೇ ಕಳಿಸಿ. ಕನ್ನಡ ಪಿಡಿಎಫ್ ಆದ ಮೇಲೆ ಯೂನಿಕೋಡ್ ಆಗಿದ್ದರೂ ಒತ್ತು, ಗುಣಿತಗಳು ಹಿಂದುಮುಂದಾಗುವುದು ಇದೆ. ಮಾಡಲೇಬೇಕೆಂದರೆ ಎಫ್12 ಒತ್ತಿ, ಬಗೆ ಪಿಡಿಎಫ್ ಅಂತ ಆರಿಸಿ, ಆಪ್ಷನ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಟ್ಯಾಗ್‌ಗಳ ಗುರುತು ಇದೆಯಾ ನೋಡಿಕೊಳ್ಳಿ. ಪ್ರಿಂಟ್ ಟು ಪಿಡಿಎಫ್ ಮಾಡಿದರೆ ನೀವು ಹಾಕಿದ ಹೆಡಿಂಗ್ ಎಲ್ಲ ನೀರುಪಾಲು.

ಪರೀಕ್ಷೆಯಲ್ಲಿ ಸ್ಕ್ರೀನ್ ರೀಡರ್ ಬಳಸಿ ಬರೆಯಲು ಬಿಡುತ್ತಾರಾ?

ಕೇಳುವ ಹಕ್ಕು ಇದೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಯಾವ ವಿಧಾನದಲ್ಲಿ ಉತ್ತರ ಬರೆಯಬೇಕು ಅಂತ ಆರಿಸಿಕೊಳ್ಳಬಹುದು ಎಂದಿತ್ತು, ಅದರಲ್ಲಿ ಕಂಪ್ಯೂಟರೂ ಒಂದು. ಕಂಪ್ಯೂಟರನ್ನು ಒಂದು ದಿನ ಮುಂಚೆ ಹೋಗಿ ಪರೀಕ್ಷಿಸಿ ನೋಡಲು ಬಿಡಬೇಕು ಅಂತಲೂ ಇತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇತ್ತು. ಸ್ವಂತ ಲ್ಯಾಪ್‌ಟಾಪ್ ತರುವಂತಿರಲಿಲ್ಲ, ಸ್ವಂತ ಕೀಬೋರ್ಡ್ ತರಬಹುದಿತ್ತು. ಪರೀಕ್ಷೆ ನಡೆಸುವವರ ಸುತ್ತೋಲೆ ಬೇರೆ ಇರುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ. ಅರ್ಜಿ ಹಾಕುವಾಗಲೇ ಬರೆದುಕೊಡಿ, ಪರೀಕ್ಷೆಯ ಹಿಂದಿನ ದಿನ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮುಂಚಿನ ದಿನ ಹೋದಾಗ ನೋಡಬೇಕಾದ್ದು ಎರಡೇ: ಧ್ವನಿಯಲ್ಲಿ ಕನ್ನಡ ಇದೆಯಾ, ನೀವು ಕಲಿತ ಕೀಬೋರ್ಡ್ ಇದೆಯಾ.

ನನಗೆ ಕಣ್ಣಿದೆ. ಕಣ್ಣಿಲ್ಲದ ಸಹೋದ್ಯೋಗಿಗೆ ಫೈಲ್ ಕಳಿಸುವಾಗ ಏನು ನೋಡಿಕೊಳ್ಳಲಿ?

ಯೂನಿಕೋಡ್, ಹೆಡಿಂಗಿಗೆ ಸ್ಟೈಲ್. ಇವೆರಡು ಮಾಡಿದರೆ ಉಳಿದದ್ದನ್ನು ಅವರು ನಿಭಾಯಿಸಿಕೊಳ್ಳುತ್ತಾರೆ. ಚಿತ್ರ ಹಾಕಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್‌ನಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ. "ಚಿತ್ರ 1" ಅಂತ ಬರೆಯಬೇಡಿ, ಚಿತ್ರ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಟೆಕ್ಸ್ಟ್ ಬಾಕ್ಸ್ ಹಾಕಬೇಡಿ, ಸುಮ್ನೆ ಓದುತ್ತಾ ಹೋದರೆ ಅದರೊಳಗಿನ ಮಾತು ಕಿವಿಗೆ ಬೀಳುವುದೇ ಇಲ್ಲ. ಸುತ್ತೋಲೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿ "ನೋಡಿ" ಅನ್ನುವುದು ಬೇಡ.

ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದೆ, ಈಗ ದೃಷ್ಟಿ ಹೋಗುತ್ತಿದೆ. ಈ ವಯಸ್ಸಿನಲ್ಲಿ ಆಗುತ್ತದಾ?

ಸಾರ್, ನಿಮ್ಮದೇ ಎಲ್ಲರಿಗಿಂತ ಸುಲಭ. ನೋಡದೆ ಹೊಡೆಯುವುದು ನಿಮ್ಮ ಬೆರಳಿಗೆ ಆಗಲೇ ಗೊತ್ತು. ಇನ್ನು ಪಳಗಬೇಕಾದ್ದು ಕಿವಿ. ಮೊದಲ ದಿನ ವರ್ಡ್ ತೆರೆಯಲೇಬೇಡಿ. ಎನ್‌ವಿಡಿಎ ಕೀ, 1 ಒತ್ತಿ. ಆಮೇಲೆ ಯಾವ ಕೀ ಒತ್ತಿದರೂ ಏನೂ ಆಗುವುದಿಲ್ಲ, ಅದರ ಹೆಸರು ಮತ್ತು ಕೆಲಸ ಮಾತ್ರ ಹೇಳುತ್ತದೆ. ಒಂದು ಗಂಟೆ ಹಾಗೇ ಕೀಬೋರ್ಡ್ ಮೇಲೆ ಕೈಯಾಡಿಸಿ. ಮುಗಿಸಲು ಮತ್ತೆ ಎನ್‌ವಿಡಿಎ ಕೀ, 1. ಮಾರನೇ ದಿನ ಮನೆಯವರಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಭಾನುವಾರ ಅದನ್ನು ಪೆನ್‌ಡ್ರೈವಿನಲ್ಲಿ ತನ್ನಿ, ಎಲ್ಲರೂ ಕೂತು ಕೇಳೋಣ.